ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಹೊರಡುವ ಮೊದಲು: ಹಿಮದ ಮುನ್ಸೂಚನೆ ಓದುವ ಬಗೆ

2024ರ ಜನವರಿ ಮಧ್ಯದಲ್ಲಿ ನಾನು ಗುಲ್ಮಾರ್ಗ್‌ನಲ್ಲಿ ಕಾರಿನಿಂದ ಇಳಿದಾಗ ಎದುರಿಗಿದ್ದದ್ದು ಒಣ ಹುಲ್ಲು. ಚೀಲದಲ್ಲಿ ಎರಡು ಜೊತೆ ಥರ್ಮಲ್, ಉಣ್ಣೆಯ ಕಾಲುಚೀಲ, ಸ್ನೇಹಿತನಿಂದ ಕಡ ತಂದ ಸ್ಕೀ ಕನ್ನಡಕ. ಸ್ಲೆಜ್ ಎಳೆಯುವವರು ತಮ್ಮ ಮರದ ಬಂಡಿಗಳನ್ನು ಬೋರಲು ಹಾಕಿ, ಬಿಸಿಲು ಕಾಯಿಸುತ್ತ ಕೂತಿದ್ದರು. ಮೂರು ವಾರ ಮೊದಲು ಟಿಕೆಟ್ ಮಾಡಿಸುವಾಗ ಫೋನಿನಲ್ಲಿ ಆ ವಾರಕ್ಕೆ ಹಿಮದ ಚಿಹ್ನೆ ಇತ್ತು. ಅಷ್ಟನ್ನೇ ನಂಬಿ ಹೊರಟಿದ್ದೆ. ಹಿಮ ಬಿದ್ದದ್ದು ತಿಂಗಳ ಕೊನೆಗೆ, ನಾನು ಬೆಂಗಳೂರಿಗೆ ವಾಪಸ್ ಬಂದು ಕೆಲಸಕ್ಕೆ ಹೋಗತೊಡಗಿದ ಮೇಲೆ.

ಆಮೇಲೆ ಎರಡು ಸಲ ಹೋಗಿ ಬಂದೆ, ಎರಡೂ ಸಲ ಒಳ್ಳೆಯ ಹಿಮ ಸಿಕ್ಕಿತು. ಅದೃಷ್ಟವೂ ಇತ್ತು ಅನ್ನಿ. ಆದರೆ ಮುನ್ಸೂಚನೆ ಓದುವುದನ್ನು ಸ್ವಲ್ಪ ಕಲಿತಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. "ಎಷ್ಟು ಸೆಂಟಿಮೀಟರ್ ಬೀಳುತ್ತದೆ" ಅನ್ನುವ ಒಂದೇ ಅಂಕಿಯನ್ನು ನೋಡಬೇಡಿ. ಯಾವ ಎತ್ತರದಲ್ಲಿ, ಯಾವ ಗಾಳಿಯಲ್ಲಿ, ನಿನ್ನೆ ಮೊನ್ನೆ ಏನಾದ ಮೇಲೆ ಬೀಳುತ್ತದೆ ಅನ್ನುವುದನ್ನು ನೋಡಿ.

ಮೊದಲು ಒಂದು ಪದದ ತಕರಾರು. ನಮ್ಮ ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ಹಿಮಪಾತ ಅನ್ನುತ್ತಾರೆ, ಬೆಟ್ಟದಿಂದ ಹಿಮ ಕುಸಿದು ಜನ ಹೂತುಹೋದರೂ ಹಿಮಪಾತ ಅನ್ನುತ್ತಾರೆ. "ಗುಲ್ಮಾರ್ಗ್‌ನಲ್ಲಿ ಭಾರಿ ಹಿಮಪಾತ" ಎಂದು ಓದಿದರೆ ಖುಷಿ ಪಡಬೇಕೋ ಗಾಬರಿಯಾಗಬೇಕೋ ಗೊತ್ತಾಗುವುದಿಲ್ಲ. ಇಲ್ಲಿ ಮೇಲಿನಿಂದ ಬೀಳುವುದನ್ನು ಹಿಮ ಬೀಳುವುದು ಎಂದೇ ಕರೆಯುತ್ತೇನೆ, ಇಳಿಜಾರಿನಿಂದ ಜಾರಿ ಬರುವುದನ್ನು ಹಿಮಕುಸಿತ ಅನ್ನುತ್ತೇನೆ.

ಹೆಜ್ಜೆ 1: ಯಾವ ವಾರ ಅನ್ನುವುದನ್ನು ತೀರ್ಮಾನಿಸಿ

ಕಾಶ್ಮೀರದವರು ಚಳಿಗಾಲವನ್ನು ತಮ್ಮದೇ ಲೆಕ್ಕದಲ್ಲಿ ಭಾಗ ಮಾಡುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ನಮ್ಮ ಮಳೆ ನಕ್ಷತ್ರಗಳಂತೆಯೇ ಇದು. ಆರಿದ್ರಾ ಬಂದ ಕೂಡಲೇ ಮಳೆ ಬರಲೇಬೇಕು ಅಂತೇನೂ ಇಲ್ಲ, ಆದರೂ ಅಜ್ಜಂದಿರ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಹೋಗುವವರಿಗೆ ಫೆಬ್ರುವರಿ ವಾಸಿ. ಅಷ್ಟು ಹೊತ್ತಿಗೆ ಕೆಳಗೆ ತಳದ ಹಿಮ ಕೂತಿರುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವುದು ಜೂಜು. ಫೆಬ್ರುವರಿಯೂ ಕೈಕೊಡಬಹುದು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದ್ದರು. ನಮ್ಮ ಕೊಡಗಿನ ತೆಕ್ಕಡ ಭವಾನಿ ಅವರು ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದು ಇದೇ ಕೂಟದಲ್ಲಿ. ಸರ್ಕಾರವೇ ತಾರೀಕು ಬದಲಿಸಬೇಕಾಯಿತು ಅಂದ ಮೇಲೆ ನಮ್ಮ ನಿಮ್ಮ ಪಾಡೇನು? ಹಾಗಾಗಿ ಸಾಧ್ಯವಾದರೆ ತಾರೀಕು ಬದಲಿಸಬಹುದಾದ ಟಿಕೆಟ್ ತಗೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ ಹೋಗುತ್ತದೆ, ಹೋಗಲಿ.

ಹೆಜ್ಜೆ 2: ಪಶ್ಚಿಮದ ಕಡೆ ಕಣ್ಣಿಡಿ

ಗುಲ್ಮಾರ್ಗ್‌ಗೆ ಚಳಿಗಾಲದ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ, ಮೇಲ್ಮಟ್ಟದ ಗಾಳಿಯ ಜೊತೆ ಇತ್ತ ಬರುವ ವ್ಯವಸ್ಥೆ ಇದು. ದಾರಿಯಲ್ಲಿ ಅರಬ್ಬಿ ಸಮುದ್ರದ ತೇವವೂ ಸೇರಿಕೊಂಡರೆ ಇನ್ನೂ ಜೋರು. ಬಂದದ್ದು ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಡಿಯುತ್ತದೆ, ಮೇಲಕ್ಕೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ನಮ್ಮ ಮುಂಗಾರು ಮೋಡ ಆಗುಂಬೆ ಘಟ್ಟಕ್ಕೆ ಬಡಿದಾಗ ಆಗುವುದೂ ಇದೇ. ಅಲ್ಲಿ ನೀರು, ಇಲ್ಲಿ ಹಿಮ.

ಇದನ್ನು ತಿಳಿಯಲು ದುಡ್ಡು ಕೊಡುವ ಆಪ್ ಬೇಕಿಲ್ಲ. ಭಾರತೀಯ ಹವಾಮಾನ ಇಲಾಖೆ ದಿನವೂ ಹೊರಡಿಸುವ ಪ್ರಕಟಣೆ ಸಾಕು. ಶ್ರೀನಗರದ ಹವಾಮಾನ ಕೇಂದ್ರದ ಪ್ರಕಟಣೆಯನ್ನೂ ನೋಡಿ. "ಸಮುದ್ರಮಟ್ಟದಿಂದ 5.8 ಕಿ.ಮೀ. ಎತ್ತರದಲ್ಲಿ" ಎಂಬಂಥ ಸಾಲು ಕಂಡರೆ ಹೆದರಿ ಮುಚ್ಚಿಡಬೇಡಿ. ಡಿಸ್ಟರ್ಬೆನ್ಸ್ ಈಗ ಎಲ್ಲಿದೆ ಎಂದು ಹೇಳುವ ರೀತಿ ಅದು. ನಿಮಗೆ ಬೇಕಾದ ಸಾಲು ಅದರ ಕೆಳಗಿರುತ್ತದೆ: ಹೊಸ ಡಿಸ್ಟರ್ಬೆನ್ಸ್ ಯಾವ ತಾರೀಕಿನ ರಾತ್ರಿಯಿಂದ ಪಶ್ಚಿಮ ಹಿಮಾಲಯವನ್ನು ಮುಟ್ಟುತ್ತದೆ, ಎಷ್ಟು ದಿನ ಇರುತ್ತದೆ.

ಅದರಲ್ಲಿ ಬರುವ ಪದಗಳಿಗೂ ಲೆಕ್ಕವಿದೆ. ಐಸೊಲೇಟೆಡ್ ಅಂದರೆ ಆ ಪ್ರದೇಶದ ಕಾಲು ಭಾಗದೊಳಗಿನ ಜಾಗಗಳಲ್ಲಿ ಮಾತ್ರ. ಸ್ಕ್ಯಾಟರ್ಡ್ ಅಂದರೆ ಅರ್ಧದವರೆಗೆ. ಫೇರ್ಲಿ ವೈಡ್‌ಸ್ಪ್ರೆಡ್ ಅಂದರೆ ಮುಕ್ಕಾಲಿನವರೆಗೆ. ವೈಡ್‌ಸ್ಪ್ರೆಡ್ ಅಂದರೆ ಅದಕ್ಕೂ ಜಾಸ್ತಿ. ಕೊನೆಯ ಎರಡು ಪದ ಕಂಡರೆ ಚೀಲ ತುಂಬಲು ಶುರು ಮಾಡಿ. ಐಸೊಲೇಟೆಡ್ ಎಂದಿದ್ದರೆ ಫೋಟೊ ತೆಗೆಯುವಷ್ಟು ಬಿದ್ದರೆ ಪುಣ್ಯ.

ಮೂರು ದಿನದ ಮುನ್ಸೂಚನೆಯನ್ನು ನಂಬಬಹುದು. ಐದು ದಿನದ್ದು ದಿಕ್ಕು ತೋರಿಸುತ್ತದೆ. ಹತ್ತು ದಿನ ಆಚೆಗೆ ಆಪ್ ತೋರಿಸುವ ಸೆಂಟಿಮೀಟರ್‌ಗೆ ಬೆಲೆ ಇಲ್ಲ.

ಹೆಜ್ಜೆ 3: ಗುಲ್ಮಾರ್ಗ್ ಒಂದಲ್ಲ, ಮೂರು

ಹೆಚ್ಚಿನವರು ಎಡವುವುದು ಇಲ್ಲೇ. ಹೋಟೆಲು, ಮೈದಾನ, ಕಲಿಯುವವರ ಇಳಿಜಾರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾ ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರು, ಅದರ ಮೊದಲ ಹಂತ ಹತ್ತಿದರೆ ಕೊಂಗ್‌ಡೂರಿ, ಸುಮಾರು 3,100 ಮೀಟರ್. ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ ಒಯ್ಯುತ್ತದೆ, ಸುಮಾರು 3,950 ಮೀಟರ್. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ. ಹೋಟೆಲ್ ಬಾಗಿಲಲ್ಲಿ ಸೊನ್ನೆ ಡಿಗ್ರಿ ಇದ್ದರೆ ತುದಿಯಲ್ಲಿ ಮೈನಸ್ ಎಂಟರ ಆಸುಪಾಸು. ಕೆಳಗೆ ಒದ್ದೆ ಹಿಮ, ಮೇಲೆ ಹಿಟ್ಟಿನಂಥ ಹಿಮ, ಅದೂ ಒಂದೇ ದಿನ.

ಫೋನಿನಲ್ಲಿ ಮೊದಲೇ ಇರುವ ಹವಾಮಾನ ಆಪ್ ಇದನ್ನೆಲ್ಲ ಹೇಳುವುದಿಲ್ಲ. ಅದು ಗುಲ್ಮಾರ್ಗ್ ಎಂಬ ಹೆಸರಿಗೆ ಒಂದು ಅಂಕಿ ಕೊಡುತ್ತದೆ. ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ, ಒಂದೊಂದು ಚೌಕ ಹಲವು ಕಿಲೋಮೀಟರ್ ಅಗಲ. ಬೆಟ್ಟ, ಕಣಿವೆ ಎರಡನ್ನೂ ಸೇರಿಸಿ ಸರಾಸರಿ ಎತ್ತರ ಹಿಡಿದರೆ ಅಫರ್ವತ್ ಮೊಂಡಾಗುತ್ತದೆ. ಬುಡ, ನಡು, ತುದಿ ಎಂದು ಬೇರೆ ಬೇರೆ ತೋರಿಸುವ ಸ್ಕೀ ಮುನ್ಸೂಚನೆ ತಾಣಗಳಿವೆ, ಅವನ್ನೇ ನೋಡಿ.

ಅಲ್ಲಿ ಹುಡುಕಬೇಕಾದ ಅಂಕಿ ಫ್ರೀಜಿಂಗ್ ಲೆವೆಲ್, ಅಂದರೆ ಗಾಳಿಯ ಉಷ್ಣತೆ ಸೊನ್ನೆಗೆ ಬರುವ ಎತ್ತರ. ಹಿಮ ಕರಗಲು ಸ್ವಲ್ಪ ಹೊತ್ತು ಬೇಕಲ್ವಾ, ಹಾಗಾಗಿ ಅದಕ್ಕಿಂತ 200–300 ಮೀಟರ್ ಕೆಳಗಿನವರೆಗೂ ಹಿಮವಾಗಿಯೇ ಬೀಳುತ್ತದೆ. ಫ್ರೀಜಿಂಗ್ ಲೆವೆಲ್ 2,000 ಇದ್ದರೆ ಗುಲ್ಮಾರ್ಗ್ ಪೂರ್ತಿ ಹಿಮ. 3,200 ಇದ್ದರೆ ಹೋಟೆಲ್ ಎದುರು ಮಳೆ, ಕೊಂಗ್‌ಡೂರಿಯಲ್ಲಿ ಒದ್ದೆ ಹಿಮ. ಮಾರ್ಚ್‌ನಲ್ಲಿ ಹೀಗಾಗುವುದು ಹೆಚ್ಚು.

ಮಿಲಿಮೀಟರ್ ಲೆಕ್ಕವೂ ಇಲ್ಲೇ ಬರುತ್ತದೆ. ಕೆಲವು ಆಪ್‌ಗಳು ಹಿಮವನ್ನು ನೀರಿನ ಲೆಕ್ಕದಲ್ಲಿ ಕೊಡುತ್ತವೆ. 1 ಮಿ.ಮೀ. ನೀರು ಅಂದರೆ ಸುಮಾರು 1 ಸೆಂ.ಮೀ. ಹಿಮ. ತುಂಬಾ ಚಳಿ ಇದ್ದರೆ ಅದೇ ನೀರಿಗೆ ಒಂದೂವರೆ ಸೆಂ.ಮೀ., ಸೊನ್ನೆಯ ಹತ್ತಿರ ಇದ್ದರೆ ಅರ್ಧ. ಹವಾಮಾನ ಇಲಾಖೆಯ ದಿನದ ಅಂಕಿ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನದು ಅನ್ನುವುದನ್ನೂ ಮರೆಯಬೇಡಿ. ತಿಂಡಿ ತಿಂದ ಮೇಲೆ ಬಿದ್ದದ್ದು ನಾಳೆಯ ಲೆಕ್ಕಕ್ಕೆ.

ಹೆಜ್ಜೆ 4: ಗಾಳಿ ನೋಡದೆ ಗೊಂಡೊಲಾ ಟಿಕೆಟ್ ತಗೋಬೇಡಿ

ಎರಡನೇ ಹಂತದ ಗೊಂಡೊಲಾ ನಿಲ್ಲುವುದಕ್ಕೆ ದೊಡ್ಡ ಕಾರಣ ಗಾಳಿ. ಕೆಳಗೆ ಎಲೆಯೂ ಅಲುಗದಿದ್ದರೂ ಮೇಲೆ ಬೀಸುತ್ತಿರಬಹುದು. ವಿಂಡಿ ಥರದ ಆಪ್‌ನಲ್ಲಿ ಎತ್ತರ ಬದಲಿಸುವ ಪಟ್ಟಿ ಇರುತ್ತದೆ. ಅದು ಒತ್ತಡದ ಲೆಕ್ಕದಲ್ಲಿ ಇರುತ್ತದೆ: 700 ಹೆಕ್ಟೋಪ್ಯಾಸ್ಕಲ್ ಅಂದರೆ ಸುಮಾರು 3,000 ಮೀಟರ್, 600 ಅಂದರೆ ಸುಮಾರು 4,200. ಹೆಚ್ಚುಕಡಿಮೆ ನಮ್ಮ ಕೊಂಗ್‌ಡೂರಿ ಮತ್ತು ಅಫರ್ವತ್! ನೆಲಮಟ್ಟದ ಗಾಳಿ ಬಿಟ್ಟು ಈ ಎರಡನ್ನು ನೋಡಿ. 600ರಲ್ಲಿ ಗಂಟೆಗೆ 40 ಕಿ.ಮೀ. ದಾಟಿದರೆ ನಾನು ಎರಡನೇ ಹಂತದ ಆಸೆ ಬಿಡುತ್ತೇನೆ. ಇದು ಇಲಾಖೆಯ ನಿಯಮವಲ್ಲ, ನನ್ನ ಅನುಭವದ ಅಂದಾಜು.

ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಇದ್ದರೆ ಚರ್ಮಕ್ಕೆ ಮೈನಸ್ 21ರಂತೆ ತಟ್ಟುತ್ತದೆ. ಕೈಗವಸು ಬಿಚ್ಚಿ ಫೋನ್ ತೆಗೆದು ಸೆಲ್ಫಿ ಹೊಡೆಯುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ಫೋನಿನ ಬ್ಯಾಟರಿಯೂ ಪಟ್ ಅಂತ ಸಾಯುತ್ತದೆ. ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ.

ಹೆಜ್ಜೆ 5: ಒಂದು ಮುನ್ಸೂಚನೆಯನ್ನು ಕೂತು ಓದೋಣ

ಹೀಗೆ ಇದೆ ಅಂದುಕೊಳ್ಳಿ. ಸೋಮವಾರ ಸಂಜೆಯಿಂದ ಬುಧವಾರ ಬೆಳಗಿನವರೆಗೆ 25 ಮಿ.ಮೀ. ಫ್ರೀಜಿಂಗ್ ಲೆವೆಲ್ ಸೋಮವಾರ 2,700, ಮಂಗಳವಾರ ರಾತ್ರಿ ಹೊತ್ತಿಗೆ 1,900. ತುದಿಯ ಗಾಳಿ ಮಂಗಳವಾರ 60, ಬುಧವಾರ 35, ಗುರುವಾರ 15. ಗುರುವಾರ ನಿಚ್ಚಳ ಬಿಸಿಲು.

ನಾನು ಇದನ್ನು ಓದುವುದು ಹೀಗೆ. ಸೋಮವಾರ ಸಂಜೆ ಹೋಟೆಲ್ ಎದುರು ಬೀಳುವುದು ಭಾರದ, ಒದ್ದೆ ಹಿಮ. ಗುಲ್ಮಾರ್ಗ್‌ಗೆ ಹತ್ತುವ ದಾರಿಯ ಬುಡದ ಊರು ಟಂಗ್‌ಮಾರ್ಗ್‌ನಲ್ಲಿ ಅದೇ ಹೊತ್ತಿಗೆ ಮಳೆ. ಚಳಿ ಏರಿದಂತೆ ಹಿಮ ಹಗುರಾಗುತ್ತದೆ. ಒಟ್ಟು ಮೈದಾನದಲ್ಲಿ 20–25 ಸೆಂ.ಮೀ., ಮೇಲೆ ಇನ್ನೂ ಜಾಸ್ತಿ. ಆದರೆ ಮೇಲಿನದು ಬಿದ್ದ ಜಾಗದಲ್ಲೇ ಇರುವುದಿಲ್ಲ, 60ರ ಗಾಳಿ ಏಣಿನ ಮೇಲಿಂದ ಗುಡಿಸಿ ಮರೆಯ ಬದಿಗೆ ಸುರಿಯುತ್ತದೆ. ಮಂಗಳವಾರ ಎರಡನೇ ಹಂತ ಬಂದ್ ಅಂತಲೇ ಇಟ್ಟುಕೊಳ್ಳಿ. ಕಲಿಯುವವರು ಅವತ್ತು ಕೆಳಗೆ ಮೈದಾನದಲ್ಲೇ ಪಾಠ ಮಾಡಿಸಿಕೊಳ್ಳಬಹುದು, ಕನ್ನಡಕದ ಮೇಲೆ ಹಿಮ ಬೀಳುತ್ತಿದ್ದರೂ ಮಜಾ ಇರುತ್ತದೆ. ಬುಧವಾರ ಮೊದಲ ಹಂತ ನಡೆಯಬಹುದು. ಗುರುವಾರ ಇಡೀ ಊರು ಎರಡನೇ ಹಂತದ ಸಾಲಿನಲ್ಲಿ ನಿಂತಿರುತ್ತದೆ. ಆ ಗುರುವಾರದ ಬಗ್ಗೆಯೇ ಮುಂದೆ ಹೇಳುವುದಿದೆ.

ಸಂಜೆಯ ಮುನ್ಸೂಚನೆಯನ್ನು ಬೆಳಿಗ್ಗೆಯದರ ಜೊತೆ ಹೋಲಿಸಿ. ಎರಡೂ ಒಂದೇ ಮಾತು ಹೇಳುತ್ತಿದ್ದರೆ ನಂಬಿ. ಒಂದೊಂದು ಸಲ ಒಂದೊಂದು ಹೇಳುತ್ತಿದ್ದರೆ ಮಾದರಿಗೇ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ. ಕೆಲವು ತಾಣಗಳಲ್ಲಿ ಸಮಯ ಯುಟಿಸಿಯಲ್ಲಿ ಇರುತ್ತದೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಹೆಜ್ಜೆ 6: ಫೋನ್ ಮಾಡಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಹೋಟೆಲಿಗೆ ಫೋನ್ ಮಾಡಿ "ಬರ್ಫ್ ಹೈ ಕ್ಯಾ?" ಎಂದು ಕೇಳಿದರೆ ಉತ್ತರ ಯಾವಾಗಲೂ ಒಂದೇ. "ಹೈ ಸರ್, ಬಹುತ್ ಹೈ." ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮರದ ನೆರಳಲ್ಲಿ ಮೂರು ವಾರದ ಹಳೇ ಹಿಮ ಕಲ್ಲಿನಂತೆ ಬಿದ್ದಿದ್ದರೆ ಅದೂ ಹಿಮವೇ.

ಬದಲಿಗೆ ನಿನ್ನೆಯ ಬಗ್ಗೆ ಕೇಳಿ. ನಿನ್ನೆ ಸೆಕೆಂಡ್ ಫೇಸ್, ಅಂದರೆ ಗೊಂಡೊಲಾದ ಎರಡನೇ ಹಂತ, ಓಡಿತಾ? ಕೊನೆಯ ಸಲ ಹಿಮ ಬಿದ್ದದ್ದು ಯಾವ ದಿನ? ಮೈದಾನದಲ್ಲಿ ನಡೆದರೆ ಕಾಲು ಎಲ್ಲಿವರೆಗೆ ಹೂಳುತ್ತದೆ, ಪಾದವಾ, ಮೊಣಕಾಲಾ? ಟಂಗ್‌ಮಾರ್ಗ್‌ನಿಂದ ಮೇಲೆ ಸಾಮಾನ್ಯ ಟ್ಯಾಕ್ಸಿ ಬಿಡುತ್ತಿದ್ದಾರಾ? ಈ ಕೊನೆಯ ಪ್ರಶ್ನೆ ನನಗೆ ಇಷ್ಟ. ಹಿಮ ಜಾಸ್ತಿ ಬಿದ್ದಾಗ ಅಲ್ಲಿಂದ ಮುಂದಿನ 13 ಕಿ.ಮೀ. ದಾರಿಗೆ ಚಕ್ರಕ್ಕೆ ಚೈನ್ ಕಟ್ಟಿದ ಅಥವಾ ಫೋರ್ ಬೈ ಫೋರ್ ವಾಹನಗಳನ್ನಷ್ಟೇ ಬಿಡುತ್ತಾರೆ. "ಚೈನ್ ಬೇಕು ಸರ್" ಅಂದರೆ ಹಿಮ ಇದೆ. ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಡ.

ಎಷ್ಟು ಹಿಮ ಸಾಕು ಅನ್ನುವುದು ನೀವು ಎಲ್ಲಿ ಆಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕಲಿಯುವವರ ಇಳಿಜಾರಿನ ಅಡಿಯಲ್ಲಿ ಹುಲ್ಲಿದೆ, ತೆಳು ಹಿಮವಿದ್ದರೂ ನಡೆಯುತ್ತದೆ. ಅಫರ್ವತ್ ತುಂಬಾ ಬಂಡೆ. ಅಲ್ಲಿ ತಳದ ಹಿಮ ಆಳವಾಗಿ ಕೂರದಿದ್ದರೆ ಬಾಡಿಗೆ ಸ್ಕೀಯ ಅಡಿಯೂ ನಿಮ್ಮ ಮೊಣಕಾಲೂ ಉಳಿಯುವುದಿಲ್ಲ.

ಹೆಜ್ಜೆ 7: ಹಿಮಕುಸಿತದ ಎಚ್ಚರಿಕೆ

ಮೈದಾನದಲ್ಲಿ ಮಾತ್ರ ಕಲಿಯುವವರು ಈ ಭಾಗವನ್ನು ಬಿಟ್ಟರೂ ಚಿಂತೆಯಿಲ್ಲ. ಎರಡನೇ ಹಂತ ಹತ್ತಿ ಇಳಿಯುವವರು ಎರಡು ಸಲ ಓದಿ.

2023ರ ಫೆಬ್ರುವರಿ 1ರಂದು ಅಫರ್ವತ್‌ನ ಹಾಪತ್‌ಖುಡ್ ಕಡೆಯಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು. 2010ರ ಫೆಬ್ರುವರಿಯಲ್ಲಿ ಸೇನೆಯ ತರಬೇತಿ ತಂಡದ 17 ಯೋಧರು ಗುಲ್ಮಾರ್ಗ್‌ನಲ್ಲೇ ಹಿಮಕುಸಿತಕ್ಕೆ ಸಿಕ್ಕಿ ಹೋದರು. ಹಿಮದಲ್ಲಿ ಪಳಗಿದವರಿಗೇ ಹೀಗಾಗಿದೆ.

ಎಚ್ಚರಿಕೆ ಕೊಡುವುದು ರಕ್ಷಣಾ ಸಂಶೋಧನೆಯ ಅಂಗವಾದ ಡಿಜಿಆರ್‌ಇ ಎಂಬ ಸಂಸ್ಥೆ, ಅದು ಚಂಡೀಗಢದಲ್ಲಿದೆ. ಜಮ್ಮು ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಜನರಿಗೆ ತಲುಪಿಸುತ್ತದೆ. ಅದರಲ್ಲಿ ಗುಲ್ಮಾರ್ಗ್ ಎಂಬ ಹೆಸರೇ ಇಲ್ಲದಿರಬಹುದು, ಹೆಸರು ಇಲ್ಲ ಎಂದು ನಿರಾಳವಾಗಬೇಡಿ. ಬಾರಾಮುಲ್ಲಾ ಜಿಲ್ಲೆ ಎಂದು ಹುಡುಕಿ, ಗುಲ್ಮಾರ್ಗ್ ಬರುವುದು ಅದರಲ್ಲೇ. "2,400 ಮೀಟರ್‌ಗಿಂತ ಮೇಲೆ ಮಧ್ಯಮ ಅಪಾಯ" ಎಂಬ ರೀತಿಯ ಸಾಲು ಇರುತ್ತದೆ. ಹೋಟೆಲೇ 2,650ರಲ್ಲಿದೆ ಅನ್ನುವುದು ನೆನಪಿರಲಿ. ಮಧ್ಯಮ ಅನ್ನುವ ಪದಕ್ಕೆ ಮೋಸಹೋಗಬೇಡಿ. ಹಳ್ಳ ದಾಟುವಾಗ ನೀರು "ಮಧ್ಯಮ" ಅಂದರೆ ನಾವು ದಾಟುತ್ತೇವಾ?

ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡಲು ಆಸೆಯಾಗುವ ಇಳಿಜಾರಿನಲ್ಲೇ. ಗಾಳಿ ಮರೆಯ ಬದಿಗೆ ತಂದು ಸುರಿದ ಹಿಮ ಹಲಗೆಯಂತೆ ಗಟ್ಟಿಯಾಗುತ್ತದೆ, ಕೆಳಗಿನ ಪದರಕ್ಕೆ ಸರಿಯಾಗಿ ಅಂಟಿರುವುದಿಲ್ಲ. ಒಬ್ಬ ಸ್ಕೀಯರ್‌ನ ಭಾರ ಸಾಕು, ಇಡೀ ಹಲಗೆ ಜಾರುತ್ತದೆ. ಚಳಿಯ ಹಗುರ ಹಿಮದ ಮೇಲೆ ಬೆಚ್ಚಗಿನ ಭಾರದ ಹಿಮ ಬಿದ್ದರೆ ಇನ್ನೂ ಕೆಟ್ಟದು. ನಮ್ಮ ಉದಾಹರಣೆಯಲ್ಲಿ ಮೊದಲು ಭಾರದ್ದು, ಆಮೇಲೆ ಹಗುರದ್ದು, ಅಷ್ಟರ ಮಟ್ಟಿಗೆ ವಾಸಿ. ಆದರೆ 60ರ ಗಾಳಿ ಇತ್ತಲ್ಲ. ಆ ನಿಚ್ಚಳ ಗುರುವಾರ ಆಕಾಶ ನೀಲಿ, ಹಿಮ ಹೊಸದು, ಎಲ್ಲರಿಗೂ ಅವಸರ. ಅವತ್ತೇ ಹೆಚ್ಚು ಅಪಾಯ.

ಗೊಂಡೊಲಾದ ಕೆಳಗಿನ ಮುಖ್ಯ ಬೋಗುಣಿಯಂಥ ಇಳಿಜಾರನ್ನು ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಇಳಿಜಾರು ಕಾಯುವ ತಂಡದವರು, ನೋಡಿಕೊಳ್ಳುತ್ತಾರೆ. ಅವರು ತೆರೆಯುವವರೆಗೆ ಕಾಯಿರಿ. ಅದರ ಆಚೆಗೆ ಹೋಗುವುದಾದರೆ ಸ್ಥಳೀಯ ಗೈಡ್ ಬೇಕು, ಜೊತೆಗೆ ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆಂದು ರೇಡಿಯೊ ಸಂಕೇತದಿಂದ ತೋರಿಸುವ ಸಾಧನ), ಸಲಿಕೆ, ಪ್ರೋಬ್ ಕೋಲು (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು) ಪ್ರತಿಯೊಬ್ಬರ ಬಳಿಯೂ ಇರಬೇಕು. ಹೂತವರನ್ನು ಮೊದಲ 10–15 ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಸರ್ರನೆ ಇಳಿಯುತ್ತದೆ. ಕೆಳಗಿನಿಂದ ಯಾರೋ ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ನಡೆಯುವಾಗ ಕಾಲಡಿ "ವುಂಫ್" ಎಂದು ಹಿಮ ಕುಸಿದು ಕೂತ ಸದ್ದು ಬಂದರೆ, ಸ್ಕೀಯ ಮುಂದೆ ಬಿರುಕು ಓಡಿದರೆ, ಬಂದ ದಾರಿಯಲ್ಲೇ ವಾಪಸ್.

ಹೆಜ್ಜೆ 8: ಬೆಳಿಗ್ಗೆ ಎದ್ದು ಕೈಯಲ್ಲಿ ಹಿಡಿದು ನೋಡಿ

ಹೋಟೆಲ್ ಹೊರಗೆ ಹೋಗಿ, ಕೈಗವಸು ಹಾಕಿದ ಮುಷ್ಟಿಯಲ್ಲಿ ಹಿಮ ಹಿಡಿದು ಒತ್ತಿ. ಅಕ್ಕಿಹಿಟ್ಟಿನಂತೆ ಉದುರಿಹೋದರೆ ಒಣ ಪೌಡರ್, ಬೇಗ ಹೊರಡಿ. ಉಂಡೆ ಕಟ್ಟಿದರೆ ತೇವ ಇದೆ, ಕಲಿಯುವವರಿಗೆ ಒಳ್ಳೆಯದು, ವೇಗ ಹಿಡಿತದಲ್ಲಿರುತ್ತದೆ. ಬೆರಳಿನ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಸ್ಕೀ ಅಂಟಿಕೊಳ್ಳುತ್ತದೆ, ಮೊಣಕಾಲು ತಿರುಚುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಾಕು ಮಾಡಿ. ಮುಷ್ಟಿಗೇ ಬಾರದೆ ಹಪ್ಪಳದಂತೆ ಮುರಿದರೆ ರಾತ್ರಿ ಹೆಪ್ಪುಗಟ್ಟಿದೆ. ಬಿಸಿಲು ತಾಗಿ ಸ್ವಲ್ಪ ಸಡಿಲವಾಗುವವರೆಗೆ ಇನ್ನೊಂದು ಲೋಟ ಕಹ್ವಾ, ಅಂದರೆ ಕಾಶ್ಮೀರಿ ಚಹಾ, ಕುಡಿಯಿರಿ. ಮಾರ್ಚ್‌ನಲ್ಲಿ ದಿನವೂ ಇದೇ ಕತೆ: ಬೆಳಿಗ್ಗೆ ಗಾಜು, ಹತ್ತೂವರೆ ಹನ್ನೊಂದಕ್ಕೆ ಸೊಗಸು, ಎರಡು ಗಂಟೆಗೆ ಕೆಸರು.

ಇನ್ನು ಎರಡು ಸಣ್ಣ ಮಾತು. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇಲ್ಲದಿದ್ದರೆ ಮುನ್ಸೂಚನೆ ನೋಡುವುದಿರಲಿ, ಮನೆಗೆ ಫೋನ್ ಮಾಡಲೂ ಹೋಟೆಲ್ ವೈಫೈಯೇ ಗತಿ. ವಾಪಸ್ ಬರುವ ದಿನಕ್ಕೂ ಇದೇ ಮುನ್ಸೂಚನೆ ನೋಡಿ. ಹಿಮ ಬೀಳುವ ದಿನ ಗುಲ್ಮಾರ್ಗ್ ರಸ್ತೆಯೂ ನಿಧಾನ, ಶ್ರೀನಗರದ ವಿಮಾನವೂ ಅನುಮಾನ. ಹೊರಡುವ ದಿನಕ್ಕೆ ಹೊಸ ಡಿಸ್ಟರ್ಬೆನ್ಸ್ ಕಾಣುತ್ತಿದ್ದರೆ ಹಿಂದಿನ ಮಧ್ಯಾಹ್ನವೇ ಇಳಿದು ಶ್ರೀನಗರದಲ್ಲಿ ಮಲಗಿ. ಆಫೀಸಿಗೆ ಒಂದು ದಿನ ಜಾಸ್ತಿ ರಜೆ ಹೇಳಿಯೇ ಬಂದಿರಿ.